ಒಂದು ಕಡೆ ಕೂರದ ಹುಡುಗನಿಗೆ ಒಂದೆಲಗ, ಬಜೆ, ಪುಡಿ ಎಲ್ಲ ಕೊಡಬಹುದಾ?

ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದು ಹೋಗುತ್ತಾನೆ. ಸೋಫಾ ಹತ್ತಿ ಇಳಿದು, ಬಾಗಿಲು ತೆಗೆದು ಹಾಕಿ, ಮತ್ತೆ ಬಂದು ಮೂರನೇ ತುತ್ತು. ಹೋಂವರ್ಕ್ ಅಂದರೆ ಪೆನ್ಸಿಲ್ ಚೂಪು ಮಾಡುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಪಕ್ಕದ ಮಕ್ಕಳಿಗೂ ಓದಲು ಬಿಡುವುದಿಲ್ಲ ಅಂತ ಮಿಸ್ಸು ಡೈರಿಯಲ್ಲಿ ಬರೆದು ಕಳಿಸಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಮಗುವಾಗಿದ್ದಾಗ ಬಜೆ ಸರಿಯಾಗಿ ತೇಯ್ದು ನೆಕ್ಕಿಸಿದ್ದರೆ ಹೀಗಾಗ್ತಿರಲಿಲ್ಲ, ಈಗಲಾದರೂ ಒಂದೆಲಗ ಕೊಡು" ಅಂತ ಅತ್ತೆ. ಮೈಸೂರಿನ ಚಿಕ್ಕಮ್ಮ ಯಾರೋ ಪರಿಚಯದವರಿಂದ ಒಂದು ಪುಡಿ ತಂದಿದ್ದಾರೆ. ಪೇಪರಿನಲ್ಲಿ ಕಟ್ಟಿದೆ, ಬೂದಿ ಬಣ್ಣ, ಹೆಸರು ಏನೂ ಇಲ್ಲ. ರಾತ್ರಿ ಹಾಲಿಗೆ ಹಾಕಿ ಕೊಡು, ತಣ್ಣಗಾಗುತ್ತಾನೆ ಅನ್ನುತ್ತಾರೆ. ನಮ್ಮ ಯಜಮಾನರು "ಗಂಡು ಮಕ್ಕಳು ಹಾಗೇ, ನಾನೂ ಹಾಗೇ ಇದ್ದೆ" ಅಂತ ಪೇಪರ್ ಓದುತ್ತಾರೆ.

ಇಂಗ್ಲಿಷ್ ಔಷಧಿ ಅಂದರೆ ನನಗೆ ಭಯ. ಗಿಡಮೂಲಿಕೆಯಿಂದ ಯಾರ ಮಕ್ಕಳಿಗಾದರೂ ಗುಣ ಕಂಡಿದೆಯಾ?

ಕುವೆಂಪುನಗರದ ಅಜ್ಜಿ

ನೋಡಮ್ಮ, ಒಂದೆಲಗ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತದೆ. ಔಷಧಿ ಅಂತ ಅಲ್ಲ, ಊಟಕ್ಕೆ. ಒಂದು ಹಿಡಿ ಎಲೆ ಸಾಕು. ಅದು ಬೆಳೆಯುವುದೇ ಜೌಗು ನೆಲದಲ್ಲಿ, ಕಾಲುವೆ ಬದಿಯಲ್ಲಿ. ಹಾಗಾಗಿ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು, ಬೇರಿನ ಹತ್ತಿರದ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ತುಪ್ಪದಲ್ಲಿ ಜೀರಿಗೆ, ಎರಡು ಮೆಣಸು ಹುರಿದು, ಎಲೆ ಹಾಕಿ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಕುದಿಸಬಾರದು. ಮಕ್ಕಳಿಗೆ ಮೆಣಸು ಕಮ್ಮಿ ಮಾಡಿ.

ಮೊಮ್ಮಗ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾನೆ. ತಿಂದ ಮೇಲೆ ಮೊದಲಿನಂತೆಯೇ ಓಡುತ್ತಾನೆ, ಸುಳ್ಳು ಯಾಕೆ ಹೇಳಲಿ! ಭಾನುವಾರ ಹರಳೆಣ್ಣೆ ಹಚ್ಚಿ ತಿಕ್ಕಿ ನೀರು ಹಾಕಿದರೆ ಮಾತ್ರ ಮಧ್ಯಾಹ್ನ ಚೆನ್ನಾಗಿ ಮಲಗುತ್ತಾನೆ. ಅದು ಎಣ್ಣೆಯದೋ, ಬಿಸಿನೀರಿನದೋ, ಒಂದು ಗಂಟೆ ಅವನ ಜೊತೆ ಕೂತು ಕಥೆ ಹೇಳಿದ್ದರದೋ, ಯಾರಿಗೆ ಗೊತ್ತು.

ಆ ಪೇಪರ್ ಪೊಟ್ಟಣ ಮಾತ್ರ ಬೇಡ.

ಮೆಡಿಕಲ್ ಸ್ಟೋರ್, ಸರಸ್ವತಿಪುರಂ

ಅಜ್ಜಿ ಹೇಳಿದ ಕೊನೆಯ ಮಾತನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತಿದ್ದೆ.

ಮೇಡಂ, ಆಯುರ್ವೇದದ ಔಷಧಿಗೂ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಿಸಿದವರ ವಿಳಾಸ, ಒಳಗೆ ಏನೇನಿದೆ ಅನ್ನುವ ಪಟ್ಟಿ ಇರಲೇಬೇಕು. ನಿಮ್ಮ ಪೊಟ್ಟಣದಲ್ಲಿ ಇದ್ಯಾವುದೂ ಇಲ್ಲ. ಮಗುವಿಗೆ ವಾಂತಿ ಆಗಿ ಆಸ್ಪತ್ರೆಗೆ ಓಡಿದರೆ ಡಾಕ್ಟರಿಗೆ ಏನು ಕೊಟ್ಟೆ ಅಂತ ಹೇಳುತ್ತೀರಿ? ಹೆಸರಿಲ್ಲದ "ನಾಟಿ" ಪುಡಿಗಳಿಗೆ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಒಂದೇ ರಾತ್ರಿಗೆ ಮಗು ತಣ್ಣಗಾದರೆ ಖುಷಿಪಡಬೇಡಿ, ಅನುಮಾನ ಪಡಿ.

ಇನ್ನೊಂದು ವಿಷಯ ಸೀಸ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ತಂದು ಪರೀಕ್ಷೆ ಮಾಡಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2008ರಲ್ಲಿ ಇಂಟರ್‌ನೆಟ್‌ನಲ್ಲಿ ಮಾರುವ 193 ಔಷಧಿಗಳನ್ನು ನೋಡಿದಾಗಲೂ ಸುಮಾರು ಐದರಲ್ಲಿ ಒಂದಕ್ಕೆ ಇದೇ ಕಥೆ. ಸೀಸ ಮಕ್ಕಳ ಮೆದುಳಿಗೆ ಏನು ಮಾಡುತ್ತದೆ ಗೊತ್ತಾ? ಗಮನ ಕಮ್ಮಿ, ಚಡಪಡಿಕೆ ಜಾಸ್ತಿ. ಅಂದರೆ ಯಾವುದು ಹೋಗಲಿ ಅಂತ ಕೊಡುತ್ತೀರೋ ಅದೇ ಜಾಸ್ತಿ ಆಗುತ್ತದೆ.

ಪರಂಪರೆ ಪ್ರೇಮಿ

ಆರಂಭವಾಯಿತು ನೋಡಿ. ಅಮೆರಿಕದವರು ಹೇಳಿದರೆ ವೇದವಾಕ್ಯ. ನಮ್ಮ ಹಿರಿಯರು ಸಾವಿರಾರು ವರ್ಷ ಬಜೆ, ಬ್ರಾಹ್ಮಿ ಕೊಟ್ಟೇ ಮಕ್ಕಳನ್ನು ಬೆಳೆಸಿದ್ದು. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ. ಮಕ್ಕಳ ಗಮನ ನಿಲ್ಲದಿರುವುದಕ್ಕೆ, ಚಡಪಡಿಕೆಗೆ ಎಡಿಎಚ್‌ಡಿ ಅನ್ನುವ ಕಾಯಿಲೆ ಹೆಸರು ಇಂಗ್ಲಿಷ್ ಮಾತ್ರೆ ಮಾರಲು ಹುಟ್ಟಿಕೊಂಡಿದೆ ಅಷ್ಟೇ.

ಆಯುರ್ವೇದ ವೈದ್ಯೆ, ಮೈಸೂರು

ಪ್ರೇಮಿಗಳೇ, ನಾನು ಆಯುರ್ವೇದವನ್ನೇ ಓದಿದವಳು, ಅದರಲ್ಲೇ ಅನ್ನ ತಿನ್ನುವವಳು. ಸೈಡ್ ಎಫೆಕ್ಟ್ ಇಲ್ಲ ಅನ್ನುವುದು ನಮ್ಮ ಶಾಸ್ತ್ರದ ಮಾತಲ್ಲ, ಜಾಹೀರಾತಿನ ಮಾತು. ಕೆಲಸ ಮಾಡುವ ವಸ್ತು ಅಂದಮೇಲೆ ಅದಕ್ಕೆ ಪ್ರಮಾಣ ಇದೆ, ಪಥ್ಯ ಇದೆ, ಯಾರಿಗೆ ಕೊಡಬಾರದು ಅನ್ನುವುದೂ ಇದೆ.

ಮಂಡ್ಯದ ಅಮ್ಮ, ನೀವು ಕೇಳಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಒಂದೆಲಗವೇ ಬ್ರಾಹ್ಮಿ ಅಂತ ನಮ್ಮ ಕಡೆ ತುಂಬಾ ಜನ ತರುತ್ತಾರೆ. ಮಾತ್ರೆ, ಸಿರಪ್ಪುಗಳಲ್ಲಿ ಬ್ರಾಹ್ಮಿ ಅಂತ ಬರುವುದು ಸಾಮಾನ್ಯವಾಗಿ ನೀರುಬ್ರಾಹ್ಮಿ. ಬಿಳಿ ಅಥವಾ ತಿಳಿ ನೇರಳೆ ಹೂವಿನ, ಸಣ್ಣ ದಪ್ಪ ಎಲೆಯ ಬೇರೆ ಗಿಡ ಅದು. ಒಂದೆಲಗವನ್ನು ಸೊಪ್ಪಾಗಿ ತಿನ್ನುವುದಕ್ಕೆ ನನ್ನ ಅಭ್ಯಂತರ ಏನೂ ಇಲ್ಲ. ನೀರುಬ್ರಾಹ್ಮಿಯ ಮೇಲೆ ಸಂಶೋಧನೆ ನಡೆದಿದೆ. ಆಸ್ಟ್ರೇಲಿಯಾದಲ್ಲಿ 6ರಿಂದ 14 ವರ್ಷದ ಹುಡುಗರಿಗೆ 14 ವಾರ ಕೊಟ್ಟು ನೋಡಿದರು, ಅರ್ಧ ಜನಕ್ಕೆ ಔಷಧಿಯಿಲ್ಲದ ಮಾತ್ರೆ. ಚಡಪಡಿಕೆ, ಗಮನ ಇವೆರಡರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಿದ್ದೆಯಂಥ ಒಂದೆರಡು ವಿಷಯದಲ್ಲಿ ಸ್ವಲ್ಪ ಒಳ್ಳೆಯದಾಯಿತು. ನನಗೂ ಬೇರೆ ಫಲಿತಾಂಶ ಬಂದಿದ್ದರೆ ಖುಷಿಯಾಗುತ್ತಿತ್ತು. ಹೊಟ್ಟೆ ತೊಳಸುವುದು, ಭೇದಿ ಇದರ ಸಾಮಾನ್ಯ ತೊಂದರೆಗಳು.

ಬಜೆ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಅತ್ತೆಯವರಿಗೆ ಬೇಸರ ಆದರೂ ಪರವಾಗಿಲ್ಲ. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಇಲಿಗಳಿಗೆ ಕೊಟ್ಟಾಗ ಗೆಡ್ಡೆ ಬೆಳೆದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬಜೆ ಸೇರಿಸುವುದನ್ನು ನಿಲ್ಲಿಸಿದರು. ನಮ್ಮ ದೇಶದ ಬಜೆಯಲ್ಲಿ ಈ ಅಂಶ ಜಾಸ್ತಿಯೇ ಇರುತ್ತದೆ. ಹಸುಗೂಸಿಗೆ ಒಂದು ಸುತ್ತು ತೇಯ್ದದ್ದಕ್ಕೂ, ಏಳು ವರ್ಷದ ಹುಡುಗನಿಗೆ "ಬುದ್ಧಿ ಬರಲಿ" ಅಂತ ತಿಂಗಳುಗಟ್ಟಲೆ ಪುಡಿ ತಿನ್ನಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನನ್ನನ್ನು ಕೇಳಿದರೆ ಎರಡೂ ಬೇಡ. ಹಸುಗೂಸಿಗೆ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದಂತೂ ಬೇಡವೇ ಬೇಡ. ಒಂದು ವರ್ಷದ ಒಳಗಿನ ಮಕ್ಕಳಿಗೆ ಜೇನಿನಿಂದ ಬಾಟುಲಿಸಂ ಅನ್ನುವ ವಿಷ ಏರಬಹುದು.

ಶಂಖಪುಷ್ಪಿ ಸಿರಪ್ಪು ಪರೀಕ್ಷೆ ಬಂತೆಂದರೆ ಎಲ್ಲರ ಮನೆಗೂ ಬರುತ್ತದೆ. ಫಿಟ್ಸ್‌ಗೆ ಫಿನಿಟಾಯಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಇದನ್ನು ಜೊತೆಗೆ ಕುಡಿದವರ ರಕ್ತದಲ್ಲಿ ಫಿನಿಟಾಯಿನ್ ಇಳಿದು ಮತ್ತೆ ಫಿಟ್ಸ್ ಬಂದದ್ದನ್ನು ನೋಡಿಯೇ ನಮ್ಮ ದೇಶದವರು ಅಧ್ಯಯನ ಮಾಡಿ 1992ರಲ್ಲಿ ಪ್ರಕಟಿಸಿದ್ದಾರೆ. ಅಮೆರಿಕದವರಲ್ಲ, ನಮ್ಮವರೇ.

ನೆನಪಿನ ಶಕ್ತಿಗೆ ಅಂತ ಕೊಡುವ ಸಾರಸ್ವತಾರಿಷ್ಟದ ಬಾಟಲಿಯನ್ನು ತಿರುಗಿಸಿ ಓದಿ, ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತದೆ. ಅಶ್ವಗಂಧ ದೊಡ್ಡವರಲ್ಲೇ ಕೆಲವರ ಲಿವರಿಗೆ ಪೆಟ್ಟು ಕೊಟ್ಟಿದೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಮನಸ್ಸು ಶಾಂತವಾಗಲಿ ಅಂತ ಕೊಡುವ ಜಟಾಮಾಂಸಿ ಹಿಮಾಲಯದಲ್ಲಿ ಅಳಿವಿನ ಅಂಚಿಗೆ ಬಂದಿರುವ ಗಿಡ. ಕಡಿಮೆ ರೇಟಿಗೆ ಸಿಗುವ ಪುಡಿಯಲ್ಲಿ ಅದು ನಿಜವಾಗಿ ಎಷ್ಟಿರುತ್ತದೆ ಅಂತ ನೀವೇ ಯೋಚಿಸಿ.

ಪರಂಪರೆ ಪ್ರೇಮಿ

ಹಾಗಾದರೆ ನೀವು ಓದಿದ್ದೇಕೆ ಮೇಡಂ?

ಆಯುರ್ವೇದ ವೈದ್ಯೆ, ಮೈಸೂರು

ಯಾರಿಗೆ ಏನು ಕೊಡಬಾರದು ಅಂತ ತಿಳಿದುಕೊಳ್ಳಲೂ ಓದಬೇಕು ಸರ್. ನನ್ನ ಹತ್ತಿರ ಇಂಥ ಮಕ್ಕಳನ್ನು ಕರೆತಂದರೆ ಮೊದಲು ನಿದ್ದೆ, ಹೊಟ್ಟೆ, ಹಸಿವು ಕೇಳುತ್ತೇನೆ. ಬೇಕೆನಿಸಿದರೆ ಔಷಧಿಯನ್ನೂ ಕೊಡುತ್ತೇನೆ. ಆದರೆ ಇದರಿಂದ ಎಡಿಎಚ್‌ಡಿ ಹೋಗುತ್ತದೆ ಅಂತ ಯಾವ ತಾಯಿಗೂ ಹೇಳುವುದಿಲ್ಲ.

ಮೇಷ್ಟ್ರು, ಪಾಂಡವಪುರ

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಔಷಧಿ ವಿಷಯ ನನಗೆ ಗೊತ್ತಿಲ್ಲ, ಮಕ್ಕಳ ವಿಷಯ ಗೊತ್ತು.

ತಾಯಿ, ಮೊದಲು ಒಂದು ಪ್ರಶ್ನೆ. ಹುಡುಗ ಶಾಲೆಯಲ್ಲೂ ಹೀಗೆ, ಮನೆಯಲ್ಲೂ ಹೀಗೆ, ನೆಂಟರ ಮನೆಯಲ್ಲೂ ಹೀಗೆಯಾ? ನಮಗೆ ತರಬೇತಿಯಲ್ಲಿ ಹೇಳಿದ್ದು ನೆನಪಿದೆ. ಎಡಿಎಚ್‌ಡಿ ಅನ್ನಬೇಕಾದರೆ ಕನಿಷ್ಠ ಎರಡು ಕಡೆ ಕಾಣಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಶಾಲೆಯಲ್ಲಿ ಮಾತ್ರ ಅಂದರೆ ಪಾಠವೇ ಅರ್ಥವಾಗುತ್ತಿಲ್ಲವೋ ಏನೋ. ಮನೆಯಲ್ಲಿ ಮಾತ್ರ ಅಂದರೆ ಬೇರೆ ಏನೋ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ, ಎದ್ದು ಓಡಾಡುತ್ತಿದ್ದ. ತಂಟೆ ಅಂದುಕೊಂಡಿದ್ದೆವು. ಕಿವಿಯಲ್ಲಿ ಸೋರಿಕೆ ಇತ್ತು, ಕೇಳಿಸುತ್ತಲೇ ಇರಲಿಲ್ಲ. ಕಿವಿಗೆ ಚಿಕಿತ್ಸೆ ಆದ ಮೇಲೆ ಮುಂದಿನ ಬೆಂಚಿನಲ್ಲಿ ಕೂರಿಸಿದೆ, ಹುಡುಗನೇ ಬೇರೆ ಆದ. ಇಂಥವನಿಗೆ ಯಾವ ಪುಡಿ ಕೊಟ್ಟರೆ ಏನು ಪ್ರಯೋಜನ ಹೇಳಿ.

ಹಾಗೆಯೇ ಕಣ್ಣು. ಹಾಗೆಯೇ ರಕ್ತಹೀನತೆ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತ ಕಮ್ಮಿ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಕಬ್ಬಿಣದ ಅಂಶ ಕಮ್ಮಿಯಾದ ಮಗು ಸುಸ್ತಾಗಿ ಮಲಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಕೆಲವು ಮಕ್ಕಳು ಚಡಪಡಿಸುತ್ತಾರೆ, ರಾತ್ರಿ ಕಾಲು ಆಡಿಸುತ್ತಲೇ ಇರುತ್ತಾರೆ. ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಗ್ರಂಥಿ ಊದಿಕೊಂಡು ಬಾಯಿ ಬಿಟ್ಟು ಗೊರಕೆ ಹೊಡೆಯುವ ಮಕ್ಕಳೂ ಅಷ್ಟೇ. ರಾತ್ರಿ ನಿದ್ದೆ ಸಾಲದೆ ಹಗಲು ಕುಣಿಯುತ್ತಾರೆ. 6ರಿಂದ 12 ವರ್ಷದವರಿಗೆ 9 ಗಂಟೆಯಾದರೂ ನಿದ್ದೆ ಬೇಕು. ಹನ್ನೊಂದರವರೆಗೆ ಮೊಬೈಲ್ ಹಿಡಿದವನು ಬೆಳಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ಲೆಕ್ಕ ನೀವೇ ಹಾಕಿ.

ಇನ್ನೊಂದು. ತಂಟೆ ಮಾಡುವ ಹುಡುಗರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಕಿಟಕಿ ಆಚೆ ನೋಡುತ್ತಾ ಸುಮ್ನೆ ಕೂತಿರುವ ಹೆಣ್ಣುಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೂ ಎಡಿಎಚ್‌ಡಿ ಆಗಿರಬಹುದು.

ಮಂಡ್ಯದ ಅಮ್ಮ

ಮೇಷ್ಟ್ರೇ, ಎರಡೂ ಕಡೆ ಹೀಗೇ ಸರ್. ನೆಂಟರ ಮನೆಗೆ ಕರೆದುಕೊಂಡು ಹೋಗುವುದನ್ನೇ ಕಮ್ಮಿ ಮಾಡಿದ್ದೇವೆ. ಗೊರಕೆ ಹೌದು, ನೆಗಡಿ ಇದ್ದಾಗ ಜೋರು. ರಕ್ತ ಯಾವತ್ತೂ ಪರೀಕ್ಷೆ ಮಾಡಿಸಿಲ್ಲ.

ಸಿಹಿ ಕಮ್ಮಿ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರಲ್ಲ? ನಮ್ಮದು ಮಂಡ್ಯ, ಮನೆಯಲ್ಲಿ ಬೆಲ್ಲ ಇಲ್ಲದ ದಿನ ಇಲ್ಲ.

ಗೋಬಿ ಬಿಟ್ಟವನು

ಬೆಲ್ಲದ ಮೇಲೆ ತಪ್ಪು ಹಾಕಬೇಡಿ ಮೇಡಂ, ಆಲೆಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ! ಸಕ್ಕರೆಗೂ ಮಕ್ಕಳ ಕುಣಿತಕ್ಕೂ ಸಂಬಂಧ ಕಾಣಲಿಲ್ಲ ಅಂತ 1995ರಲ್ಲೇ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು ಹೇಳಿದ್ದಾರೆ. ಹಲ್ಲಿಗೆ, ತೂಕಕ್ಕೆ ಸಿಹಿ ಕಮ್ಮಿ ಇದ್ದರೆ ಒಳ್ಳೆಯದು, ಅದು ಬೇರೆ ಮಾತು.

ಬಣ್ಣದ ಕಥೆ ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮೂರು ವರ್ಷದ ಮತ್ತು ಎಂಟು–ಒಂಬತ್ತು ವರ್ಷದ ಮಕ್ಕಳಿಗೆ ಕೃತಕ ಬಣ್ಣ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಚಡಪಡಿಕೆ ಸ್ವಲ್ಪ ಜಾಸ್ತಿಯಾಯಿತು. 2010ರಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಲೇಬೇಕು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು, ಬಾಂಬೆ ಮಿಠಾಯಿಗೂ ಅಷ್ಟೇ. ಜೂನ್‌ನಲ್ಲಿ ಕಬಾಬಿಗೂ ಬಂತು. ಆದರೂ ಸಂಜೆ ಗಾಡಿ ಮುಂದೆ ನಿಂತು ನೋಡಿ, ಕೆಂಪು ಇನ್ನೂ ಕೆಂಪಾಗಿಯೇ ಇದೆ.

ಬಣ್ಣ ಬಿಟ್ಟರೆ ಎಡಿಎಚ್‌ಡಿ ಹೋಗುತ್ತದೆ ಅಂತಲ್ಲ. ಆದರೆ ಬಿಟ್ಟು ನೋಡಲು ಖರ್ಚಿಲ್ಲ, ಅಪಾಯ ಇಲ್ಲ. ಪುಡಿಗಿಂತ ವಾಸಿ ಅಲ್ವಾ?

ಮಗಳ ಅಪ್ಪ, ಮೈಸೂರು

ನನ್ನ ಮಗಳಿಗೆ ಎಡಿಎಚ್‌ಡಿ ಅಂತ ಗೊತ್ತಾಗಿದೆ, ಮಾತ್ರೆ ತೆಗೆದುಕೊಳ್ಳುತ್ತಾಳೆ. ಇಲ್ಲಿ ಅದರ ಬಗ್ಗೆ ಹೇಳುವವರು ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಮೀಥೈಲ್‌ಫೆನಿಡೇಟ್ ಅನ್ನುವ ಔಷಧಿ. ಹೊಸದೇನಲ್ಲ, 1950ರ ದಶಕದಿಂದ ಬಳಕೆಯಲ್ಲಿದೆ. ನಿದ್ದೆ ಬರಿಸುವ ಮಾತ್ರೆ ಅಲ್ಲ ಇದು, ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಗಮನ ನಿಲ್ಲಿಸಲು ಮೆದುಳಿಗೆ ಬೇಕಾದ ಡೋಪಮೈನ್ ಇನ್ನಷ್ಟು ಹೊತ್ತು ಸಿಗುವ ಹಾಗೆ ಮಾಡುತ್ತದೆ. ನಿಯಂತ್ರಣದಲ್ಲಿರುವ ಔಷಧಿ, ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ತೊಂದರೆ ಇಲ್ಲವಾ ಅಂದರೆ ಇದೆ. ಹಸಿವು ಕಮ್ಮಿ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಅದಕ್ಕೆ ಬೆಳಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡುತ್ತೇವೆ, ರಾತ್ರಿ ಎಂಟರ ಹೊತ್ತಿಗೆ ಹಸಿವಾದಾಗ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ. ಡಾಕ್ಟರು ಪ್ರತಿ ಸಲವೂ ತೂಕ, ಎತ್ತರ, ಬಿಪಿ ನೋಡುತ್ತಾರೆ. ಔಷಧಿಗೆ ಇಷ್ಟು ಲೆಕ್ಕ ಇಟ್ಟು ಕೊಡುವುದನ್ನು ನೋಡಿದ ಮೇಲೆಯೇ ನನ್ನ ಭಯ ಕಮ್ಮಿಯಾಗಿದ್ದು. ಪುಡಿ ಕೊಟ್ಟವರು ಯಾರೂ ತೂಕ ನೋಡುವುದಿಲ್ಲ.

ಆದರೆ ಎಲ್ಲರಿಗೂ ಮಾತ್ರೆಯೇ ಅಂತಲ್ಲ. ಆರು ವರ್ಷದ ಒಳಗಿನವರಾದರೆ, ಇಂಥ ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಮೊದಲು ಅಪ್ಪ ಅಮ್ಮನಿಗೆ ತರಬೇತಿ. ಅದಕ್ಕಿಂತ ದೊಡ್ಡ ಮಕ್ಕಳಿಗೂ ಮಾತ್ರೆಯ ಜೊತೆ ಅದು ಬೇಕು. ನಮಗೆ ಹೇಳಿಕೊಟ್ಟದ್ದರಲ್ಲಿ ಕೆಲಸ ಮಾಡಿದ್ದು ಇದು. "ಬ್ಯಾಗ್ ಇಡು, ಕೈ ತೊಳಿ, ಯೂನಿಫಾರ್ಮ್ ಬದಲಾಯಿಸು, ತಿಂಡಿ ತಿನ್ನು" ಅಂತ ಒಂದೇ ಉಸಿರಿನಲ್ಲಿ ಅಡುಗೆಮನೆಯಿಂದ ಕೂಗಿದರೆ ಅವಳಿಗೆ ಕೊನೆಯದೂ ಉಳಿಯುವುದಿಲ್ಲ. ಹತ್ತಿರ ಹೋಗಿ, ಭುಜ ಮುಟ್ಟಿ, ಒಂದೇ ಕೆಲಸ ಹೇಳಬೇಕು. ಮಾಡಿದ ಕೂಡಲೇ "ಭೇಷ್" ಅನ್ನಬೇಕು, ರಾತ್ರಿ ಮಲಗುವಾಗ ಅಲ್ಲ. ಹೋಂವರ್ಕ್ ಹತ್ತು ನಿಮಿಷ, ಎದ್ದು ಅಂಗಳದಲ್ಲಿ ಒಂದು ಸುತ್ತು, ಮತ್ತೆ ಹತ್ತು ನಿಮಿಷ. ನಮ್ಮಮ್ಮ ಮೊದಮೊದಲು "ಇದೇನು ನಾಟಕ" ಅನ್ನುತ್ತಿದ್ದರು. ಈಗ ಟೈಮರ್ ಒತ್ತುವವರು ಅವರೇ.

ಇನ್ನೊಂದು ಮಾತು. ಇದು ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ. ಎಡಿಎಚ್‌ಡಿಯಲ್ಲಿ ವಂಶದ ಪಾಲು ದೊಡ್ಡದು. ನಿಮ್ಮ ಯಜಮಾನರು "ನಾನೂ ಹಾಗೇ ಇದ್ದೆ" ಅಂದರಲ್ಲ, ಅದನ್ನು ಡಾಕ್ಟರ ಹತ್ತಿರವೂ ಹೇಳಲಿ.

ಮಂಡ್ಯದ ಅಮ್ಮ

ಓದುತ್ತಾ ಕಣ್ಣು ತುಂಬಿ ಬಂತು ಅಣ್ಣ. ಎಲ್ಲರೂ ನನ್ನನ್ನೇ ಅನ್ನುತ್ತಾರೆ, ಮುದ್ದು ಮಾಡಿ ಕೆಡಿಸಿದ್ದೀಯ ಅಂತ.

ತೋರಿಸಬೇಕು ಅಂದರೆ ಎಲ್ಲಿಗೆ ಹೋಗಲಿ? ಬೆಂಗಳೂರಿಗೇ ಹೋಗಬೇಕಾ? ಚಿಕ್ಕಮ್ಮನಿಗೆ ಏನು ಹೇಳಲಿ? ದಿನಾ ಫೋನ್ ಮಾಡಿ ಪುಡಿ ಕೊಟ್ಟೆಯಾ ಅಂತ ಕೇಳುತ್ತಾರೆ.

ಮೇಷ್ಟ್ರು, ಪಾಂಡವಪುರ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ, ಆದರೆ ಮೊದಲೇ ಅಷ್ಟು ದೂರ ಬೇಡ. ನಿಮ್ಮೂರಿನ ಮಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವೂ ಇದೆ, ಮನೋವೈದ್ಯ ವಿಭಾಗವೂ ಇದೆ. ರಕ್ತ, ಕಿವಿ, ಮೂಗು ಎಲ್ಲ ಒಂದೇ ಕಡೆ ಆಗುತ್ತದೆ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯನ್ನು ಮಾತು ಬಾರದವರಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ, ಗಮನದ ತೊಂದರೆ, ಕಲಿಕೆಯ ತೊಂದರೆ ಪರೀಕ್ಷಿಸುತ್ತಾರೆ. ಮನೆಯಲ್ಲಿ ಕೂತು ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕುವೆಂಪುನಗರದ ಅಜ್ಜಿ

ಚಿಕ್ಕಮ್ಮನ ವಿಷಯ ನನಗೆ ಬಿಡು. ಜಗಳ ಆಡಬೇಡ. "ಪುಡಿಯಲ್ಲಿ ಏನೇನಿದೆ ಅಂತ ಬರೆಸಿಕೊಂಡು ಬನ್ನಿ ಚಿಕ್ಕಮ್ಮ, ಡಾಕ್ಟರಿಗೆ ತೋರಿಸಿ ಕೊಡ್ತೀನಿ" ಅನ್ನು. ಕೊಟ್ಟವರು ಬರೆದುಕೊಡುವುದಿಲ್ಲ, ಅಲ್ಲಿಗೆ ಮುಗಿಯಿತು. ಬರೆದುಕೊಟ್ಟರೆ ಇಲ್ಲಿಗೆ ತಾ, ನಮ್ಮ ವೈದ್ಯೆ ಓದುತ್ತಾಳೆ. ಅಷ್ಟರಲ್ಲಿ ಚಿಕ್ಕಮ್ಮನಿಗೆ ಸಂಜೆ ಅವನನ್ನು ಪಾರ್ಕಿಗೆ ಕರೆದುಕೊಂಡು ಹೋಗುವ ಕೆಲಸ ಕೊಡು, ಬಂದಾಗೆಲ್ಲ. ಪ್ರೀತಿ ಇದೆ ಪಾಪ, ಪುಡಿಯಲ್ಲಿ ತೋರಿಸುತ್ತಿದ್ದಾರೆ ಅಷ್ಟೇ.

ಪರಂಪರೆ ಪ್ರೇಮಿ

ವೈದ್ಯೆಯವರ ಬಜೆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಹೆಸರಿಲ್ಲದ ಪೊಟ್ಟಣ ಬೇಡ ಅನ್ನುವುದು ಸರಿ. ನಮ್ಮಜ್ಜಿಯೂ ಬೇರು ಕಣ್ಣಾರೆ ಕಂಡು ತರುತ್ತಿದ್ದರೇ ಹೊರತು ಪುಡಿ ತರುತ್ತಿರಲಿಲ್ಲ.

ಮಂಡ್ಯದ ಅಮ್ಮ

ಸೋಮವಾರ ಮಿಮ್ಸ್‌ಗೆ ಹೋಗುತ್ತಿದ್ದೇವೆ. ಯಜಮಾನರೂ ರಜೆ ಹಾಕಿದ್ದಾರೆ, ನಂಬಲಿಕ್ಕೇ ಆಗುತ್ತಿಲ್ಲ. ಏನೇನು ತೆಗೆದುಕೊಂಡು ಹೋಗಲಿ?

ಮಗಳ ಅಪ್ಪ, ಮೈಸೂರು

ಮಿಸ್ಸು ಬರೆದ ಡೈರಿ, ಎರಡು ಮೂರು ವಿಷಯದ ನೋಟ್‌ಬುಕ್, ಹುಟ್ಟಿದಾಗಿನ ಲಸಿಕೆ ಕಾರ್ಡು. ಸಾಧ್ಯವಾದರೆ ಮಿಸ್ಸಿನ ಹತ್ತಿರ ಒಂದು ಪುಟ ಬರೆಸಿಕೊಳ್ಳಿ, ಕ್ಲಾಸಿನಲ್ಲಿ ಏನು ಮಾಡುತ್ತಾನೆ ಅಂತ. ತಂಟೆ ಮಾತ್ರ ಅಲ್ಲ, ಯಾವುದರಲ್ಲಿ ಚೆನ್ನಾಗಿದ್ದಾನೆ ಅನ್ನುವುದನ್ನೂ. ನಿದ್ದೆ ಎಷ್ಟಕ್ಕೆ, ಏಳುವುದು ಎಷ್ಟಕ್ಕೆ, ಗೊರಕೆ ಯಾವ ದಿನ ಅಂತ ಈ ವಾರ ಗುರುತು ಹಾಕಿಕೊಳ್ಳಿ. ಮಲಗಿದ್ದಾಗ ಗೊರಕೆಯ ಒಂದು ಸಣ್ಣ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಒಂದೆಲಗ, ಕಷಾಯ, ಸಿರಪ್ಪು ಏನು ಕೊಟ್ಟಿದ್ದರೂ ಮುಚ್ಚಿಡಬೇಡಿ, ಪೊಟ್ಟಣವನ್ನೇ ತೋರಿಸಿ.

ಒಂದೇ ಸಲಕ್ಕೆ ಹೆಸರು ಹೇಳಿ ಕಳಿಸುತ್ತಾರೆ ಅಂತ ಅಂದುಕೊಳ್ಳಬೇಡಿ, ನಾಲ್ಕಾರು ಸಲ ಕರೆಯಬಹುದು. ಕಾಯುವುದು ಜಾಸ್ತಿ, ಅವನಿಗೆ ತಿನ್ನಲು ಏನಾದರೂ ಇಟ್ಟುಕೊಳ್ಳಿ. ಒಳಗೆ ಹೋದಾಗ ಅವನು ಕುರ್ಚಿಯಿಂದ ಎದ್ದರೆ, ಮೇಜಿನ ಮೇಲಿನದನ್ನು ಮುಟ್ಟಿದರೆ ಕಣ್ಣು ಬಿಡಬೇಡಿ, ತೊಡೆ ಚಿವುಟಬೇಡಿ. ಡಾಕ್ಟರಿಗೆ ನೋಡಬೇಕಾಗಿರುವುದೇ ಅದು.